ಎಂಬತ್ತಮೂರರಲ್ಲೇ ಉಳಿದಿದ್ದ ಗಂಡ

ವೇದಿಕೆಯ ಮೇಲೆ ಎರಡೆರಡು ಮೀಟರ್ ಅಂತರದಲ್ಲಿ, ಅಂದರೆ ಹಳೆಯ ಗಂಡ ಹೆಂಡಿರಷ್ಟೇ ದೂರದಲ್ಲಿ, ಕುಳಿತಿರುವವರ ಪೈಕಿ ನಮ್ಮ ಸಂಘದ ಅಧ್ಯಕ್ಷರಾದ ಶ್ರೀ ಸತ್ಯಪ್ರಕಾಶ್ ಅವರೇ, ಮಾಸ್ಕಿನಿಂದಾಗಿ ಅರ್ಧ ಮುಖವಷ್ಟೇ ಕಾಣುತ್ತಿದ್ದರೂ ಇವತ್ತಿನ ಮಟ್ಟಿಗೆ ಪೂರ್ತಿ ಮುಖ್ಯರಾದ ಸನ್ಮಾನಿತೆ ನುಜ್ಹತ್ ಅವರೇ, ಲಸಿಕೆಯ ಪ್ರಮಾಣಪತ್ರ ತೋರಿಸಿ ಒಳಗೆ ಬಂದಿರುವ ಐರ್ಲೆಂಡಿನ ಈ ಲೂಕನ್ನಿನ ಮಹಾಜನಗಳೇ, ಯಾವ ಪತ್ರವನ್ನೂ ತೋರಿಸದೆ ಕುರ್ಚಿಗಳ ಕೆಳಗೆ ಓಡಾಡುತ್ತಿರುವ ಪುಟಾಣಿ ಸಭಿಕರೇ,

ಎಲ್ಲರಿಗೂ ರಾಜ್ಯೋತ್ಸವದ ಶುಭಾಶಯಗಳು. ಕಳೆದ ವರ್ಷ ನಾವು ಪರದೆಯ ಮೇಲೆ ರಾಜ್ಯೋತ್ಸವ ಆಚರಿಸಿದೆವು. ನಲವತ್ತು ಮನೆಗಳಿಂದ ಒಂದೇ ಪ್ರಾರ್ಥನೆ. ಅರ್ಧ ಜನ ಮುಗಿಸುವಾಗ ಉಳಿದರ್ಧ ಜನ ಶುರು ಮಾಡುತ್ತಿದ್ದರು. ಈ ಸಲ ಒಂದೇ ಸೂರಿನಡಿ ನಿಂತು ಒಂದೇ ಅಪಸ್ವರದಲ್ಲಿ ಹಾಡಿದ್ದೇವೆ. ಇದಕ್ಕಿಂತ ದೊಡ್ಡ ನೆಮ್ಮದಿ ಯಾವುದಿದೆ?

ನುಜ್ಹತ್ ಬಗ್ಗೆ ಎರಡು ಮಾತು ಆಡಬೇಕೆಂದು ಅಧ್ಯಕ್ಷರು ಅಪ್ಪಣೆ ಕೊಟ್ಟಿದ್ದಾರೆ. ಆದರೆ ನಾನು, ಈ ನೀರಜಾ ಮೇಡಂ, ಬೆಂಗಳೂರಿನಲ್ಲಿ ವರ್ಷಗಟ್ಟಲೆ ಇತಿಹಾಸ ಪಾಠ ಮಾಡಿದವಳು ಎಂಬುದನ್ನು ಅವರು ಮರೆತಂತಿದೆ. ನಮ್ಮಲ್ಲಿ ಎರಡು ಮಾತಿಗೂ ಹಿನ್ನೆಲೆ ಬೇಕು, ಕಾರಣಗಳು ಬೇಕು, ಪರಿಣಾಮಗಳು ಬೇಕು. ನಮ್ಮ ಪಠ್ಯದಲ್ಲಿ ಇತಿಹಾಸ ನಲವತ್ತೇಳಕ್ಕೆ ನಿಲ್ಲುತ್ತಿತ್ತು. ಧ್ವಜ ಹಾರಿತು, ಪುಸ್ತಕ ಮುಗಿಯಿತು. ಆಮೇಲೆ ಏನಾಯಿತೆಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ, ಪರೀಕ್ಷೆಗೆ ಬರುತ್ತಿರಲಿಲ್ಲವಲ್ಲ. ಆ ಶತಮಾನದ ಕೊನೆಯ ಭಾಗವನ್ನು ನಾನು ಜೀವನದಲ್ಲಿ ಒಂದೇ ಒಂದು ಸಲ, ಒಬ್ಬನೇ ಒಬ್ಬ ವಿದ್ಯಾರ್ಥಿಗೆ ಪಾಠ ಮಾಡಿದ್ದೇನೆ. ಆ ವಿದ್ಯಾರ್ಥಿ ನನ್ನ ಗಂಡ ಗುರುದತ್. ಗುರುವೂ ಅವರೇ, ದತ್ತವಾದದ್ದೂ ನನಗೇ, ಪಾಠ ಹೇಳಬೇಕಾದವಳೂ ನಾನೇ!

ನಿಮಗೆಲ್ಲ ಗೊತ್ತಿರುವಂತೆ ನಮ್ಮವರು ಲೆಪರ್ಡ್ಸ್‌ಟೌನಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದರು. ಹೆಸರಿನಲ್ಲಿ ಚಿರತೆ, ರೇಸ್ ಮೈದಾನದಲ್ಲಿ ಕುದುರೆ, ಸುತ್ತಲಿನ ಕಚೇರಿಗಳಲ್ಲಿ ಮಾತ್ರ ನಮ್ಮಂಥ ಬಡ ಕತ್ತೆಗಳು. ಮೂರು ವರ್ಷದ ಹಿಂದೆ ಅವರು ಅದನ್ನು ಬಿಟ್ಟು, ಹಳೆಯ ಗೆಳೆಯ ಅನ್ವರ್ ಜೊತೆ ನೂರು ಕಿಲೋಮೀಟರಿಗೂ ಆಚೆಯ ಕಿಲ್ಕೆನ್ನಿಯಲ್ಲಿ ದೋಸೆ ಅಂಗಡಿ ತೆರೆದರು. ಅಂಗಡಿಯ ಮೇಲೆ ಒಂದು ಕೋಣೆ, ಅವರು ಅಲ್ಲಿ. ನಾನು ಇಲ್ಲಿ, ಲೂಕನ್ನಿನ ಮನೆಯಲ್ಲಿ. ಓಡಾಟದ ಅನುಕೂಲಕ್ಕೆ ಎಂದು ನಿಮಗೆಲ್ಲ ಹೇಳಿದ್ದೆ. ನೀವೆಲ್ಲ ನಂಬಿದವರಂತೆ ತಲೆಯಾಡಿಸಿದಿರಿ. ಎಷ್ಟು ಒಳ್ಳೆಯ ಜನ ನೀವು!

ಈ ವರ್ಷ ಜನವರಿಯಲ್ಲಿ ನಮ್ಮವರಿಗೆ ಸೋಂಕು ತಗುಲಿತು. ಕಿಲ್ಕೆನ್ನಿಯ ಆಸ್ಪತ್ರೆಗೆ ಸೇರಿಸಿದ್ದು ಅನ್ವರ್. ನಾನು ಹೋಗುವಂತಿರಲಿಲ್ಲ. ಲಾಕ್‌ಡೌನ್, ಮನೆಯಿಂದ ಐದು ಕಿಲೋಮೀಟರ್ ದಾಟಬಾರದು. ದಾಟಿದರೂ ವಾರ್ಡಿನೊಳಗೆ ಬಿಡುವುದಿಲ್ಲ. ವೆಂಟಿಲೇಟರ್ ಹಾಕಿದ್ದಾರೆ ಎಂದರು, ಆಮೇಲೆ ತೆಗೆದಿದ್ದಾರೆ ಎಂದರು. ತೆಗೆದ ಸುದ್ದಿ ಕೊಟ್ಟವಳು ಅಲ್ಲಿ ನರ್ಸ್ ಆಗಿರುವ ವಿಜಯಪುರದ ನುಜ್ಹತ್. ಅವಳು ನನಗೆ ಮಗಳ ಹಾಗೆ, ಆದ್ದರಿಂದ ಸಭಾಮರ್ಯಾದೆ ಬಿಟ್ಟು ಏಕವಚನಕ್ಕೆ ಇಳಿಯುತ್ತೇನೆ.

"ಆಂಟಿ, ಅಂಕಲ್ಲು ಕಣ್ಣ ತೆಗದಾರ್ರಿ, ಮಾತಾಡಾಕ ಹತ್ಯಾರ. ಆದ್ರ ಗಾಬ್ರಿ ಆಗಬ್ಯಾಡ್ರಿ. ಅವ್ರ ಲೆಕ್ಕದಾಗ ಈಗ ಎಂಬತ್ತಮೂರನೇ ಇಸವಿ ನಡದೈತಿ."

ಟ್ಯಾಬ್ಲೆಟ್ಟನ್ನು ಅವರ ಮುಖದ ಮುಂದೆ ಹಿಡಿದಳು. ನಮ್ಮವರು ಸೊರಗಿದ್ದರು, ಗಡ್ಡ ಬೆಳೆದಿತ್ತು, ಆದರೆ ಕಣ್ಣಿನಲ್ಲಿ ಇಪ್ಪತ್ತೊಂದರ ಹುಡುಗನ ಆತುರ. ಪಕ್ಕದ ಯಂತ್ರದ ಕುಂಯ್ ಕುಂಯ್ ಸದ್ದು ಅವರಿಗೆ ಸ್ಟೇಷನ್ ಸಿಗದ ರೇಡಿಯೋ.

"ಕಾಮೆಂಟ್ರಿ ಸರಿಯಾಗಿ ಕೇಳ್ತಿಲ್ಲ. ಅವರದು ಎಷ್ಟು ವಿಕೆಟ್ ಹೋಯ್ತು?"

"ರೀ, ನಾನು ನೀರಜಾ" ಎಂದೆ.

ಬಹಳ ಮರ್ಯಾದೆಯಿಂದ ನನ್ನನ್ನು ನೋಡಿದರು. "ಕ್ಷಮಿಸಿ ಆಂಟಿ, ಗುರ್ತು ಸಿಗ್ಲಿಲ್ಲ. ಅಮ್ಮ ಅಂಗಡಿಗೆ ಹೋಗಿದಾರೆ, ಬರ್ತಾರೆ, ಕೂತ್ಕೊಳ್ಳಿ."

ಸಭಿಕರೇ, ಮೂವತ್ತೊಂದು ವರ್ಷ ಸಂಸಾರ ಮಾಡಿದ ಗಂಡ ಆಂಟಿ ಎಂದರೆ ಏನು ಮಾಡಬೇಕು? ನಗಬೇಕೋ, ಅಳಬೇಕೋ, ಕೂದಲಿಗೆ ಬಣ್ಣ ಹಚ್ಚಿಕೊಳ್ಳಬೇಕೋ? ಗಾಲ್ವೇಯಲ್ಲಿದ್ದ ಮಗಳು ಅರ್ಪಿತಾಗೆ ಫೋನ್ ಮಾಡಿದೆ. "ಹಾಗಾದ್ರೆ ಅಪ್ಪನ ಪ್ರಕಾರ ನಾನಿನ್ನೂ ಹುಟ್ಟೇ ಇಲ್ವಾ? ಗ್ರ್ಯಾಂಡ್!" ಎಂದು ನಕ್ಕಳು. ನಕ್ಕು, ಫೋನ್ ಇಟ್ಟು, ಅತ್ತಳೆಂದು ಆಮೇಲೆ ತಿಳಿಯಿತು.

ಇದರಲ್ಲಿ ಒಂದು ತಮಾಷೆಯಿದೆ. ಈ ಮನುಷ್ಯನನ್ನು ತೊಂಬತ್ತೆಂಟರಲ್ಲಿ ಐರ್ಲೆಂಡಿಗೆ ಕರೆಸಿದ್ದು ಯಾತಕ್ಕೆ? ಎರಡು ಸಾವಿರನೇ ಇಸವಿ ಬಂದ ಕ್ಷಣ ಪ್ರಪಂಚದ ಕಂಪ್ಯೂಟರುಗಳೆಲ್ಲ ನೂರು ವರ್ಷ ಹಿಂದಕ್ಕೆ ಜಾರುತ್ತವೆ, ಅದನ್ನು ತಡೆಯಿರಿ ಎಂದು. ಕಂಪ್ಯೂಟರುಗಳು ಒಂದೂ ಜಾರಲಿಲ್ಲ. ಜಾರಿದ್ದು ಕಾವಲಿಗೆ ಬಂದವರು!

ವೈದ್ಯರು, ಪಾಪ, ಸಮಾಧಾನವಾಗಿಯೇ ಹೇಳಿದರು: ತೀವ್ರ ನಿಗಾ ಘಟಕದಿಂದ ಹೊರಬಂದ ಅನೇಕರಿಗೆ ಹೀಗಾಗುತ್ತದೆ, ಹೆಚ್ಚಿನವರಿಗೆ ತಿಳಿಯಾಗುತ್ತದೆ, ಯಾವಾಗ ಎಂದು ಹೇಳಲಾಗದು. ಆ "ಹೆಚ್ಚಿನವರಿಗೆ" ಎಂಬ ಮಾತು ನನ್ನೊಳಗೆ ಮುಳ್ಳಿನ ಹಾಗೆ ಕೂತುಬಿಟ್ಟಿತು. ಉಳಿದವರು? ಇವರು ಅಲ್ಲೇ ಉಳಿದರೆ? ಬದುಕಿ ಮನೆಗೆ ಬಂದೂ ನಾನು ಪಕ್ಕದ ಮನೆ ಆಂಟಿಯೇ ಆಗಿಬಿಟ್ಟರೆ?

ದಾರಿ ತೋರಿಸಿದವಳು ನುಜ್ಹತ್. "ಒಮ್ಮಿಂದೊಮ್ಮೆಲೇ ಇಪ್ಪತ್ತೊಂದನೇ ಇಸವಿ ಅಂದ್ರ ಸಿಟ್ಟಿಗೇಳ್ತಾರ. ನೀವು ಹಿಸ್ಟರಿ ಮೇಡಂ ಅಲ್ರೀ? ಕೈ ಹಿಡದು ಒಂದೊಂದ ವರ್ಷ ದಾಟಿಸ್ಕೊಂತ ಬರ್ರಿ. ನಾ ಫೋನ್ ಹಿಡೀತೀನಿ." ಗತ ಕಲಿಸಿದವಳಿಗೆ ಇದೇ ಗತಿ ಎಂದುಕೊಂಡು ಶುರು ಮಾಡಿದೆ. ತನ್ನ ಊಟದ ಬಿಡುವಿನಲ್ಲಿ, ಉಗುರು ತುದಿಯಿಂದ ಕೂದಲಿನವರೆಗೆ ಪ್ಲಾಸ್ಟಿಕ್ ಸುತ್ತಿಕೊಂಡು, ಆ ಹುಡುಗಿ ನನ್ನ ಕ್ಲಾಸಿಗೆ ಕರಿಹಲಗೆಯಾಗಿ ನಿಂತಳು.

ಮೊದಲು ವಿಶ್ವಕಪ್ ಗೆಲ್ಲಿಸಿದೆ. ಅವರು ಮಲಗಿದಲ್ಲೇ ಕೈ ಎತ್ತಿದರು. ಎಂಬತ್ನಾಲ್ಕನ್ನು ಹೇಗೆ ಹೇಳುವುದು? ಪ್ರಧಾನಿಯ ಹತ್ಯೆ, ಭೋಪಾಲದ ವಿಷಾನಿಲ. ಉಸಿರಿಗೆ ಒದ್ದಾಡಿ ಎದ್ದವನ ಮುಂದೆ ಭೋಪಾಲದ ಹೆಸರೆತ್ತಲು ನಾಲಗೆ ಏಳಲಿಲ್ಲ. ನಮ್ಮವನೊಬ್ಬ ಬಾಹ್ಯಾಕಾಶಕ್ಕೆ ಹೋಗಿಬಂದದ್ದನ್ನು ಮಾತ್ರ ಹೇಳಿ ಮುಂದೆ ನಡೆದೆ. ಎಂಬತ್ತಾರರಲ್ಲಿ ಧೂಮಕೇತು ಬಂತು ಎಂದಾಗ ಅವರೇ ಬಾಯಿ ಹಾಕಿದರು. "ಅದನ್ನ ನೋಡೋಕೆ ಅಂತ ನಸುಕಲ್ಲಿ ಚಾಮುಂಡಿ ಬೆಟ್ಟ ಹತ್ತಿದ್ವಿ ಆಂಟಿ. ಬಾಲ ಇಲ್ಲ, ಏನಿಲ್ಲ. ಒಳ್ಳೆ ಒರೆಸಿದ ಚಾಕ್‌ಪೀಸ್ ಗುರುತು ಇದ್ದಂಗಿತ್ತು."

ನುಜ್ಹತ್ ಪರದೆಯ ಅಂಚಿನಲ್ಲಿ ಹೆಬ್ಬೆರಳು ತೋರಿಸಿದಳು. ಹೇಳಿಕೊಟ್ಟದ್ದಲ್ಲ, ಅದು ಅವರದೇ ನೆನಪು.

ಬಂತು ಎಂಬತ್ತೊಂಬತ್ತರ ನವೆಂಬರ್. ಬರ್ಲಿನ್ ಗೋಡೆ ಒಡೆದರು ಎಂದೆ. ಆ ಭಾನುವಾರ ನೀವು ಬೆಂಗಳೂರಿಗೆ ಒಂದು ಹೆಣ್ಣು ನೋಡಲು ಹೋಗಿದ್ದಿರಂತೆ, ಹೌದೇ ಎಂದೆ. ಇದನ್ನು ಕಿರುಪರೀಕ್ಷೆಯ ಪ್ರಶ್ನೆಯಂತೆ ಕೇಳಲು ಮೇಡಂ ಆಗಿದ್ದ ಅನುಭವವೆಲ್ಲ ಬೇಕಾಯಿತು.

"ಹೂಂ ಆಂಟಿ, ಹೋಗಿದ್ದೆ. ಉಪ್ಪಿಟ್ಟು ಕೊಟ್ಟಿದ್ರು. ಹುಡುಗಿ ತಲೆ ತಗ್ಗಿಸಿ ಕೂತ್ಕೋತಾಳೆ ಅಂದ್ಕೊಂಡಿದ್ರೆ, ಅರ್ಧ ಗಂಟೆ ಆ ಗೋಡೆ ಬಗ್ಗೆನೇ ಭಾಷಣ ಮಾಡಿದ್ಲು! ಉಪ್ಪಿಟ್ಟು ಆರಿಹೋಯ್ತು."

"ಆಮೇಲೆ?"

"ಆಮೇಲೇನು? ಇವಳ ಜೊತೆ ಇದ್ರೆ ಬೇಜಾರು ಅನ್ನೋದು ಹತ್ರ ಸುಳಿಯಲ್ಲ ಅಂತ ಅಮ್ಮನಿಗೆ ಹೇಳ್ದೆ. ಮಾತಾಡೋವಾಗ ಹಿಂಗೆ ಕೈ ಬೀಸ್ತಿದ್ಲು..." ಎನ್ನುತ್ತಾ ಪರದೆಯನ್ನೇ ನೋಡಿದರು. ನನ್ನ ಕೈ ಗಾಳಿಯಲ್ಲಿತ್ತು. "ನೀರೂ? ಇದೇನೇ, ಇಷ್ಟೊಂದು ನರೆ?"

ನೋಡಿ, ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಅವರು ನನಗೆ ಹೇಳದ ಮಾತನ್ನು ಯಾರೋ ಆಂಟಿಗೆ ಹೇಳಿದ್ದರು. ಆ ಆಂಟಿಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಅಲ್ಲಿಂದ ಗಾಡಿ ಓಡಿತು. ಮಂಡೇಲಾ ಜೈಲಿನಿಂದ ಹೊರಬಂದ ತಿಂಗಳು ನಮ್ಮವರು ಒಳಗೆ ಹೋದರು, ಅಂದರೆ ಮದುವೆಯಾಯಿತು. ಸೋವಿಯತ್ ಒಕ್ಕೂಟ ಒಡೆಯಿತು, ನಮ್ಮ ಒಕ್ಕೂಟ ಉಳಿಯಿತು. ತೊಂಬತ್ತೆರಡರ ಡಿಸೆಂಬರಿನ ಗಲಭೆಗಳನ್ನು ನಾನು ಹಾರಿಸಲು ನೋಡಿದೆ. ಅವರು ಬಿಡಲಿಲ್ಲ. "ಆ ವಾರ ಪೂರ್ತಿ ಅನ್ವರ್, ಅವನ ಹೆಂಡ್ತಿ ದಿಲ್ಶಾದ್ ನಮ್ಮನೇಲೇ ಇದ್ರಲ್ವಾ? ನೀನು ಬಾಗಿಲ ಹತ್ರ ಕುರ್ಚಿ ಹಾಕ್ಕೊಂಡು ಕೂತಿರ್ತಿದ್ದೆ" ಎಂದರು. ತೊಂಬತ್ತೆಂಟರ ಏಪ್ರಿಲ್‌ನಲ್ಲಿ ಡಬ್ಲಿನ್ನಿಗೆ ಬಂದಿಳಿದೆವು. ಉತ್ತರ ಐರ್ಲೆಂಡಿನ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದ ವಾರವದು. ಬಸ್‌ಸ್ಟಾಪಿನಲ್ಲಿ ಅಜ್ಜಿಯೊಬ್ಬರು ಗುರುತು ಪರಿಚಯವಿಲ್ಲದ ನನ್ನನ್ನು ತಬ್ಬಿ ಅತ್ತರು. ಈ ದೇಶದಲ್ಲಿ ಹೊಸಬರನ್ನು ಹೀಗೇ ಸ್ವಾಗತಿಸುತ್ತಾರೆಂದು ನಾವು ಬಹುಕಾಲ ನಂಬಿದ್ದೆವು. ಕೊನೆಗೆ ತೊಂಬತ್ತೊಂಬತ್ತರ ಡಿಸೆಂಬರ್ ಮೂವತ್ತೊಂದು. ಜಗತ್ತೆಲ್ಲ ಕುಣಿಯುವಾಗ ಇವರು ಕಚೇರಿಯಲ್ಲಿ. ಹೊಸ ಸಾವಿರದ ಮೊದಲ ನಿಮಿಷ ನನಗೆ ಫೋನ್ ಮಾಡಿ, "ಮನೇಲಿ ಲೈಟ್ ಉರೀತಿದ್ಯಾ?" ಎಂದು ಕೇಳಿದ್ದರು. ಉರಿಯುತ್ತಿತ್ತು.

ಅಲ್ಲಿಗೆ ನಾನು ಪಾಠ ನಿಲ್ಲಿಸಿಬಿಟ್ಟೆ.

ಪಠ್ಯ ಸಮಿತಿಯವರನ್ನು ಬೈಯುತ್ತಿದ್ದವಳಿಗೆ ಆಗ ಅವರ ಕಷ್ಟ ಅರ್ಥವಾಯಿತು. ಧ್ವಜ ಹಾರಿದ ಕಡೆ ಪುಸ್ತಕ ಮುಚ್ಚಿದರೆ ಕತೆ ಎಷ್ಟು ಚೆನ್ನಾಗಿರುತ್ತದೆ! ದಿನಾ ಕರೆ ಮಾಡಿದಾಗ "ನೀರೂ, ಊಟ ಆಯ್ತಾ? ನಂಗೆ ವಾಸಿಯಾದ್ಮೇಲೆ ಎಲ್ಲಿಗಾದ್ರೂ ಹೋಗೋಣ" ಎನ್ನುವ ಗಂಡ. ಅವರಿಗೆ ದೋಸೆ ಅಂಗಡಿ ಗೊತ್ತಿಲ್ಲ, ನಮ್ಮ ಜಗಳ ಗೊತ್ತಿಲ್ಲ, ಎರಡೂವರೆ ವರ್ಷ ನಾವು ಹಬ್ಬಕ್ಕೆ ಮಾತ್ರ ಮಾತಾಡಿದ್ದು ಗೊತ್ತಿಲ್ಲ. ನಾನೇಕೆ ಹೇಳಲಿ? ನೀವಾಗಿದ್ದರೆ ಹೇಳುತ್ತಿದ್ದಿರಾ?

ನುಜ್ಹತ್ ಬಿಡಬೇಕಲ್ಲ! "ಪಾಠ ಯಾಕ ನಿಂತೈತಿ ಆಂಟಿ?"

"ಸಿಲಬಸ್ ಮುಗೀತಮ್ಮ."

"ಎಲ್ಲಿ ಮುಗದೈತ್ರಿ? ಅನ್ವರ್ ಅಂಕಲ್ ದಿನಾ ಗೇಟಿನ್ಯಾಗ ಗಂಜಿ ಕೊಟ್ಟು ಹೋಗ್ತಾರ. ಇವ್ರು, ಅನ್ವರ್ ಈ ಊರಾಗ ಏನ್ ಮಾಡ್ತಾನ ಅಂತ ನನ್ನ ಕೇಳ್ತಾರ. ಅರ್ಧಾ ಮನಷ್ಯಾನ್ನ ನಾ ಹ್ಯಾಂಗ ಮನೀಗೆ ಕಳಸ್ಲಿ? ನಿಮಗ ಬೇಕಾದ ಅರ್ಧಾನ ಕಳಸ್ಲೇನು?"

ಇಂಥ ಪ್ರಶ್ನೆಯನ್ನು ನನ್ನ ಯಾವ ಪ್ರಿನ್ಸಿಪಾಲರೂ ಕೇಳಿರಲಿಲ್ಲ. ಮರುದಿನ ಉಳಿದ ವರ್ಷಗಳನ್ನೆಲ್ಲ ದಾಟಿಸಿ, ಕಣ್ಣು ಮುಚ್ಚಿಕೊಂಡು ಕೊನೆಯ ಅಧ್ಯಾಯ ತೆರೆದೆ. "ಎರಡು ಸಾವಿರದ ಹದಿನೆಂಟು. ನೀವು ಕೆಲಸ ಬಿಟ್ಟಿರಿ. ನನ್ನನ್ನ ಒಂದು ಮಾತು ಕೇಳಲಿಲ್ಲ. ದಿನಸಿ ಅಂಗಡಿಯಲ್ಲಿ ಗೀತಾ ಅಭಿನಂದನೆ ಹೇಳಿದಾಗ ನನಗೆ ಗೊತ್ತಾಯಿತು." (ಗೀತಾ, ನೀವು ತಲೆ ತಗ್ಗಿಸಬೇಡಿ. ನಿಮ್ಮ ತಪ್ಪೇನಿಲ್ಲ.)

ನುಜ್ಹತ್ ಉಸಿರು ಹಿಡಿದಿದ್ದಳೆಂದು ಕಾಣುತ್ತದೆ, ಚಿತ್ರ ಅಲುಗಾಡಲಿಲ್ಲ. ಅವರ ಹುಬ್ಬು ಗಂಟಾಯಿತು.

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಅಂತಿದ್ದೆ!"

"ಅದಕ್ಕೇ ಕೇಳ್ಲಿಲ್ಲ. ಅಂಗಡಿ ಶುರುವಾದ ದಿನ ಬಾ ಅಂತ ಕರೆದ್ನಲ್ಲ, ಯಾಕೆ ಬರ್ಲಿಲ್ಲ? ಮೊದಲನೇ ದೋಸೆ ಎತ್ತಿಟ್ಟಿದ್ದೆ. ಒಣಗಿ ಹಲಗೆ ಆಯ್ತು!"

"ಹೇಳದೆ ಕೇಳದೆ ಹೋದವರ ದೋಸೆ ಯಾರಿಗೆ ಬೇಕು?"

"ಸಾಕು ಮಾಡು ನಿನ್ನ ಭಾಷಣ!"

ದನಿ ಪೂರ್ತಿ ಬಾರದ ಗಂಟಲಿನಿಂದ ಕೆಮ್ಮುತ್ತಾ, ಏದುಸಿರು ಬಿಡುತ್ತಾ, ನನ್ನ ಗಂಡ ನನ್ನ ಜೊತೆ ಜಗಳ ಆಡಿದರು. ನಾನೂ ಬಿಡಲಿಲ್ಲ. ಯಂತ್ರ ಕಿರುಚಿಕೊಂಡಿತು. ನುಜ್ಹತ್ ಅದರ ಕಿವಿ ಹಿಂಡಿ ಸುಮ್ಮನಾಗಿಸಿ, "ಬಂದ್ರು ಆಂಟಿ! ಪೂರಾ ಬಂದ್ರು!" ಎಂದು ಕೂಗಿದಳು. ನಾನು ಅಡುಗೆಮನೆಯ ನೆಲದ ಮೇಲೆ ಕುಳಿತು ಅತ್ತೆ, ನಕ್ಕೆ, ನಡುವೆ ಇನ್ನೂ ಎರಡು ಸಲ ಬೈದೆ.

ಆದ್ದರಿಂದ ಅಧ್ಯಕ್ಷರೇ, ಈ ಶಾಲು, ಈ ಫಲಕ ಎಲ್ಲ ಸರಿ, ಆದರೆ ಇವಳು ಮಾಡಿದ ಉಪಕಾರಕ್ಕೆ ಸಾಲದು. ಯಾವುದನ್ನೂ ಮರೆಸದೆ, ಪೂರ್ತಿ ಮನುಷ್ಯನನ್ನು ನನಗೆ ಕೊಟ್ಟಳು. ವಾಸಿಯಾದ ಮೇಲೆ ಅವರು ಮತ್ತೆ ಕಿಲ್ಕೆನ್ನಿಗೇ ಸೇರಿದ್ದಾರೆ, ಇವತ್ತು ಸಭೆಗೆ ಬಂದಿಲ್ಲ. ಶನಿವಾರ ಅಂಗಡಿ ಬಿಟ್ಟು ಬರಲಾಗದಂತೆ. ಬೆಳಿಗ್ಗೆ ಫೋನಿನಲ್ಲಿ ಅದಕ್ಕೂ ಒಂದು ಸುತ್ತು ಆಯಿತು, ಅರ್ಧಕ್ಕೆ ನಿಂತಿದೆ. ನುಜ್ಹತ್ ಸಂಜೆ ಡ್ಯೂಟಿಗೆ ಕಿಲ್ಕೆನ್ನಿಗೆ ಮರಳುತ್ತಾಳೆ. ಅವಳ ಕಾರಿನ ಹಿಂದಿನ ಸೀಟಿನಲ್ಲಿ ಆಗಲೇ ನನ್ನ ಎರಡು ಸೂಟ್‌ಕೇಸ್ ಇವೆ. ಎಷ್ಟು ದಿನಕ್ಕೆ ಎಂದು ಯಾರೂ ಕೇಳಬೇಡಿ. ಉಳಿದ ಜಗಳ ದೊಡ್ಡದಿದೆ, ನಿಧಾನವಾಗಿ ಆಡಬೇಕು.

ತಾಳ್ಮೆಯಿಂದ ಕೇಳಿದ ನಿಮಗೂ, ಗಡಿಯಾರ ನೋಡಿಯೂ ನೋಡದಂತಿದ್ದ ಅಧ್ಯಕ್ಷರಿಗೂ, ನನ್ನ ನುಜ್ಹತ್‌ಗೂ ಕೃತಜ್ಞತೆಗಳು. ಹೊರಡುತ್ತೇನೆ, ನಮಸ್ಕಾರ.