ಗೇಣಗಲದ ಕೀಬೋರ್ಡ್

ಗುತ್ತಲದಿಂದ ಹಾವೇರಿಗೆ ಹೊರಟ ಬಸ್ಸಿನಲ್ಲಿ ಪುಷ್ಪಲತಾ ಮತ್ತು ಅವಳ ಗಂಡ ಕೊಟ್ರೇಶ ನನ್ನ ಮುಂದಿನ ಸೀಟಿನಲ್ಲಿದ್ದರು. ಅವಳು ಕೋರ್ಟಿನ ಎದುರು ಜಮೀನಿನ ಕಾಗದಪತ್ರ ಟೈಪ್ ಮಾಡುವವಳು. ಅವನ ತೊಡೆಯ ಮೇಲೆ ಅವನೇ ಜೋಡಿಸಿದ ಗೇಣಗಲದ ಕೀಬೋರ್ಡ್ ಇತ್ತು.

"ನನ್ನ ಹಳೇ ಕೀಬೋರ್ಡ್ ಎಲ್ಲೈತ್ರಿ?"

"ಇದರಾಗನ ಐತಿ. ಗುಂಡಿ ಅದರವು, ಸ್ಪ್ರಿಂಗ್ ಗುಜರಿಯವು. ಇಲ್ಲೆ ಸಪ್ಪಳ ಕೇಳು, ಟಕ್ ಟಕ್!"

"ಸಪ್ಪಳ ಪಕ್ಷಗಾರರಿಗೆ ಕೇಳಸ್ಲೇನು? ಅಂಕಿ ಎಲ್ಲಿ ಅದಾವು?"

"ತಗದೆ. ಸಣ್ಣದಾಗಬೇಕಲ್ಲ."

"ಹತ್ತೂವರಿಗೆ ಖರೀದಿ ಪತ್ರ ಐತಿ. ಸರ್ವೇ ನಂಬರ್ ನಿಮ್ಮ ಹಣಿ ಮ್ಯಾಲ ಬರೀಲೇನು?"

"ಈ ಕೆಂಪು ಗುಂಡಿ ಒತ್ತಿ ಹಿಡಕೊಂಡು ಮ್ಯಾಲಿನ ಸಾಲು ಹೊಡಿ. ಅಂಕಿ ಬರ್ತಾವು."

"ಎಡಗೈ ಪಹಣಿ ಉತಾರದ ಸಾಲಿನ ಮ್ಯಾಲಿರ್ತೈತಿ, ಬಲಗೈಲೆ ಹೊಡೀತೇನಿ. ಮೂರನೇ ಕೈ ಯಾರದು?"

ಅವನು ಕಿಟಕಿಯಾಚೆ ನೋಡಿದ.

"ಅಲ್ಲೇನು ನೋಡ್ತೀರಿ? ಇವತ್ತ ನನ್ನ ಬಾಜೂ ಕುಂದ್ರಿ. ಹೂಂ ಅಂದಾಗ ಕೆಂಪು ಗುಂಡಿ ಒತ್ರಿ, ಸಾಕು ಅಂದಾಗ ಬಿಡ್ರಿ."

"ಮಂದಿ ನಗ್ತಾರ."

"ನಗ್ಲಿ. ನೀವ ಮಾಡಿದ್ದು, ಎದಿ ಉಬ್ಬಿಸಿ ಒತ್ರಿ."

ಕೋರ್ಟಿನ ಸ್ಟಾಪ್ ಬಂತು. ಅವಳು ಮುಂದೆ ಇಳಿದಳು. ಅವನು ತೋರುಬೆರಳಿನ ನೆಟಿಗೆ ಮುರಿಯುತ್ತ ಹಿಂದೆ ಇಳಿದ.