ಒಂದೇ ರಿಂಗಿಗೆ ಎತ್ತಿದ ಫೋನು

ಹಲೋ... ಯಾರು ಮಾತಾಡುವುದು? ಹಯವದನ ಚಿಕ್ಕಪ್ಪನಾ?

...

ಅಜ್ಜಿ, ನೀವಾ? ನಾನು ವಿಂಧ್ಯಾ, ವಡೋದರದಿಂದ. ಒಂದೇ ರಿಂಗಿಗೆ ಎತ್ತಿದಿರಲ್ಲ, ಅದಕ್ಕೆ ಕೇಳಿದೆ. ನೀವು ಅಡುಗೆಮನೆಯಿಂದ ಬರುವಷ್ಟರಲ್ಲಿ ಹದಿನೈದು ರಿಂಗಾದರೂ ಆಗುತ್ತಿತ್ತು.

...

ಹಾಂ, ನಿಮ್ಮ ಸ್ಕ್ಯಾನ್ ರಿಪೋರ್ಟಿನ ವಿಷಯಕ್ಕೇ ಮಾಡಿದ್ದು. ಇಲ್ಲಿಯ ಡಾಕ್ಟರಿಗೆ ತೋರಿಸಿದೆ. ಅವರು... ಹೇಗೆ ಹೇಳುವುದು.

...

ತೂಕ ಅಷ್ಟೇ ಉಂಟು, ಗೊತ್ತು. ಐವತ್ತೆಂಟು. ಚಿಕ್ಕಪ್ಪ ತಿಂಗಳು ತಿಂಗಳೂ ತಮ್ಮ ಕತಾರ್‌ಗಾಮ್ ಹೋಟೆಲಿನಲ್ಲಿ ಅಕ್ಕಿಮೂಟೆ ತೂಗುವ ಕಾಟಾದ ಮೇಲೆ ನಿಮ್ಮನ್ನು ನಿಲ್ಲಿಸಿ, ಅಮ್ಮ ಗಟ್ಟಿ ಇದ್ದಾರೆ ಅಂತ ಹೇಳಿದ್ದೇ ತಪ್ಪಾದದ್ದು. ಮೂಟೆಯ ತೂಕ ಅಷ್ಟೇ ಅಜ್ಜಿ, ಒಳಗಿನದ್ದು ಬದಲಾಗಿದೆ. ತೊಡೆಯ ಸ್ನಾಯು ಕರಗಿ ಆ ಜಾಗದಲ್ಲಿ ಕೊಬ್ಬು ಕೂತಿದೆಯಂತೆ. ಕೊಬ್ಬು ಕೂತಲ್ಲಿಂದ ಎಬ್ಬಿಸುವುದಿಲ್ಲ.

...

ನಗಬೇಡಿ. ದೀಪಾವಳಿಗೆ ಬಂದಾಗ ನೋಡಿದ್ದೆ, ಕುರ್ಚಿಯಿಂದ ಐದು ಸಲ ಎದ್ದು ಕೂರಲಿಕ್ಕೆ ಹದಿನಾಲ್ಕು ಸೆಕೆಂಡು. ಸಂಕ್ರಾಂತಿಗೆ ಇಪ್ಪತ್ತೆರಡು, ಅದೂ ಕೈ ಊರಿ. ಡೈರಿಯಲ್ಲಿ ಬರೆದಿಟ್ಟಿದ್ದೆ. ಆಗಲೇ ಹೇಳಬೇಕಿತ್ತು, ನನಗೆ ಬಾಯಿ ಬರಲಿಲ್ಲ.

...

ಊಟಕ್ಕೆ ಎಂತ ಮಾಡುತ್ತೀರಿ? ... ಅನ್ನ, ಬರೀ ತಿಳಿಸಾರು... ಬೇಳೆ? ... ಅಜ್ಜಿ, ಚಾತುರ್ಮಾಸ್ಯ ಮುಗಿದು ಮೂರು ತಿಂಗಳಾಯಿತಲ್ಲ. ವ್ರತಕ್ಕೆ ಬಿಟ್ಟ ಹಾಲು, ಮೊಸರೂ ಮತ್ತೆ ಶುರುಮಾಡಲಿಲ್ಲವಾ? ... ಹಗುರಾಗುತ್ತದೆ ಅಂತ ಬಿಟ್ಟೇಬಿಟ್ಟಿರಾ? ದೇವರು ಕೇಳಿದ್ದು ಒಂದೊಂದನ್ನು ಒಂದೊಂದು ತಿಂಗಳು ಬಿಡಲಿಕ್ಕೆ ಮಾತ್ರ, ಅಲ್ವಾ?

...

ಅದೆಂತ ಸದ್ದು, ಕುಕ್ಕರಾ? ... ಎದುರುಮನೆ ಹಂಸಾಬೆನ್‌ದಾ? ಇಷ್ಟು ಹತ್ತಿರ ಕೇಳುತ್ತದಾ?

...

ಅಜ್ಜಿ, ನೀವು ಎಲ್ಲಿ ಕೂತಿದ್ದೀರಿ?

...

ಮಣೆಯ ಮೇಲಾ. ಹೂಬತ್ತಿ ಮಾಡಲಿಕ್ಕೆ. ಸರಿ... ಎಷ್ಟು ಹೊತ್ತಾಯಿತು?

...

ಮುಕ್ಕಾಲು ಗಂಟೆ. ಏಳಲಿಕ್ಕೆ ಆಗಲಿಲ್ಲ, ಅಲ್ವಾ? ಕುಕ್ಕರ್ ಇಟ್ಟು ಕೂತದ್ದಾ? ಹಾಗಾದರೆ ಆ ಸೀಟಿ ನಿಮ್ಮದೇ. ಫೋನನ್ನು ವಯರು ಹಿಡಿದು ಎಳೆದುಕೊಂಡಿರಾ?

...

ಚಿಕ್ಕಪ್ಪನಿಗೆ ಯಾಕೆ ಮಾಡಲಿಲ್ಲ? ... ವಜ್ರದ ಕೆಲಸದವರು ಹೋಟೆಲಿಗೆ ಊಟಕ್ಕೆ ಬರುವ ಹೊತ್ತು ಅಂತಲಾ. ಇಲ್ಲ, ನಾನು ಬೈಯುವುದಿಲ್ಲ. ಅಳಬೇಡಿ.

...

ಸೀಟಿ ನಿಂತಿತಲ್ಲ. ನೀರು ಮುಗಿದಿರಬೇಕು. ಸೀದ ವಾಸನೆ ಬರುತ್ತಾ ಉಂಟಾ? ... ಉಂಟಾ?

...

ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದೀರಾ? ... ಮೇಲಿನದ್ದೂ?

...

ಕೇಳಿ. ನಾನೀಗ ಫೋನ್ ಇಟ್ಟು ಹಂಸಾಬೆನ್‌ಗೆ ಮಾಡುತ್ತೇನೆ, ಬಾಗಿಲು ಒಡೆಯಲಿ. ನೀವು ಅಲ್ಲೇ ಕೂತಿರಿ. ಎಂತ ಆದರೂ ಕೂತಿರಿ.

...

ಬೇಡ. ಆ ಫೋನಿನ ಮೇಜು ಹಿಡಿದು ಏಳಬೇಡಿ, ಅದು ಮೊದಲೇ ಅಲುಗಾಡುತ್ತದೆ. ಕಾಲಿಗೆ ಬಲ ಇಲ್ಲ ಅಜ್ಜಿ, ಐವತ್ತೆಂಟು ಕೇಜಿಯೂ ಆ ಮೇಜಿನ ಮೇಲೆಯೇ ಬೀಳುತ್ತದೆ... ಕೈ ಬಿಡಿ... ಕೈ ಬಿಡಿ ಅಂದೆ...

...

ಅಜ್ಜಿ? ... ಅದೆಂತ ಬಿದ್ದದ್ದು, ಮೇಜಾ? ನೀವಾ?

...

ಹಲೋ... ಹಲೋ... ಅಜ್...