ಹನುಮಮ್ಮನವರು ಎಲೆಯಡಿಕೆ ಹಿಂದಿರುಗಿಸಿದ ಮನೆ

ಸಭೆಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ವೈದ್ಯಾಧಿಕಾರಿಗಳೇ, ಈ ಸಮಾರಂಭವನ್ನು ಏರ್ಪಡಿಸಿರುವ ಸ್ತ್ರೀಶಕ್ತಿ ಸಂಘದ ಪದಾಧಿಕಾರಿಗಳೇ, ಹಾರದ ಭಾರಕ್ಕೆ ಕತ್ತು ಬಗ್ಗಿಸದೆ ಕುಳಿತಿರುವ ಇಂದಿನ ಸನ್ಮಾನಿತರಾದ ಹನುಮಮ್ಮನವರೇ, ಸಾರಿನ ಒಗ್ಗರಣೆಯ ಪರಿಮಳ ಬಂದರೂ ಏಳದೆ ಕುಳಿತಿರುವ ಸಹನಶೀಲ ಸಭಿಕರೇ,

ನನ್ನ ಬೆನ್ನ ಹಿಂದಿರುವ ಬ್ಯಾನರಿನಲ್ಲಿ ಎರಡು ತಪ್ಪುಗಳಿವೆ. ಅವನ್ನು ತಿದ್ದುವುದಿಲ್ಲವೆಂದು ನನ್ನ ಪತ್ನಿ ತ್ರಿವೇಣಿಗೆ ಮನೆಯಲ್ಲಿಯೇ ಮಾತು ಕೊಟ್ಟು ಬಂದಿದ್ದೇನೆ. ಆಕೆ ಮೂರನೆಯ ಸಾಲಿನಲ್ಲಿ ಕುಳಿತು ನನ್ನನ್ನು ಗಮನಿಸುತ್ತಿದ್ದಾಳೆ. ತಪ್ಪುಗಳಿವೆ ಎಂದೆನೇ ಹೊರತು ಎಲ್ಲಿವೆ ಎಂದು ಹೇಳಲಿಲ್ಲ. ಮಾತು ಮುರಿದಂತಾಗಲಿಲ್ಲ.

ನಿರೂಪಕರು ನನ್ನನ್ನು ಪರಿಚಯಿಸುವಾಗ, ಮೂವತ್ತೇಳು ವರ್ಷಗಳ ಸೇವೆಯಲ್ಲಿ ಒಂದೇ ಒಂದು ಸಾಂದರ್ಭಿಕ ರಜೆಯನ್ನೂ ಹಾಕದ ಆದರ್ಶ ಶಿಕ್ಷಕರು ಎಂದರು. ತಾವು ಚಪ್ಪಾಳೆ ತಟ್ಟಿದಿರಿ. ಮೂರನೆಯ ಸಾಲಿನಲ್ಲಿ ಒಬ್ಬರು ತಟ್ಟಲಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಬರದಿದ್ದರೆ ಇನ್ನೂ ಒಳ್ಳೆಯದು.

ಮುಚ್ಚುಮರೆಯೇಕೆ? ನಾನು ಈ ವೇದಿಕೆಗೆ ಬಂದಿರುವುದು ಸ್ವಾರ್ಥದಿಂದ. ನಲವತ್ತು ವರ್ಷಗಳಿಂದ ಶಿಕಾರಿಪುರ, ಸೊರಬಗಳ ಮನೆಮನೆಗಳಲ್ಲಿ ಬಾಣಂತಿಯರಿಗೆ ನೀರು ಹಾಕಿದ ಹನುಮಮ್ಮನವರು, ಮೊಣಕಾಲು ನೋವಿನಿಂದಾಗಿ, ಈ ವರ್ಷ ಇನ್ನೊಂದೇ ಒಂದು ಮನೆಗೆ ಹೋಗಿ ನಿಲ್ಲಿಸಿಬಿಡುವುದಾಗಿ ಹೇಳಿದ್ದಾರೆ. ಆ ಮನೆ ನಮ್ಮದಾಗಬೇಕು. ನನ್ನ ಮಗಳು ಶರಣ್ಯಾ ಎರಡನೆಯ ಸಲ ಗರ್ಭಿಣಿ. ಈಗ ಐದು ತಿಂಗಳು. ಈ ಸಭಾಂಗಣದಲ್ಲಿ ಇದೇ ಆಸೆ ಇಟ್ಟುಕೊಂಡ ಇನ್ನೂ ನಾಲ್ಕಾರು ಮನೆಗಳವರು ಇದ್ದಾರೆಂದು ಬಲ್ಲೆ. ಅವರ ಕೈಯಲ್ಲಿ ಮೈಕು ಇಲ್ಲ. ನನ್ನ ಕೈಯಲ್ಲಿದೆ.

ಆದರೆ ಹನುಮಮ್ಮನವರನ್ನು ಒಪ್ಪಿಸುವುದು ಸುಲಭವೇ? ಬಲ್ಲವರು ಬಲ್ಲರು. ಅವರನ್ನು ಕರೆಯಲು ಹೋಗುವವರು ಎಲೆಯಡಿಕೆಯ ಜೊತೆಗೆ, ಪ್ರತಿ ತಪಾಸಣೆಗೂ ಆಸ್ಪತ್ರೆಯವರು ಸೀಲು ಒತ್ತುವ, ಗರ್ಭಿಣಿಯ ತಾಯಿ ಕಾರ್ಡನ್ನೂ ಒಯ್ಯಬೇಕು. ಅವರು ಕಾರ್ಡು ನೋಡುತ್ತಾರೆ. ಒಪ್ಪಿಗೆಯಾದರೆ ಎಲೆಯಡಿಕೆ ಅವರ ಸೊಂಟದ ಸಂಚಿಗೆ ಹೋಗುತ್ತದೆ. ಒಪ್ಪಿಗೆಯಾಗದಿದ್ದರೆ ತಂದವರ ಕೈಗೇ ಹಿಂದಿರುಗುತ್ತದೆ. ಬಾಯಿಮಾತಿನ ವ್ಯವಹಾರವೇ ಇಲ್ಲ.

ಸಾವಿರಾರು ಮಕ್ಕಳನ್ನು ನಪಾಸು ಮಾಡಿದ ನಾನು ಜೀವನದಲ್ಲಿ ಒಮ್ಮೆ ನಪಾಸಾದದ್ದು ಈಸೂರಿನಲ್ಲಿ, ಇವರ ಮನೆಯಂಗಳದಲ್ಲಿ.

ಅದು ಆರು ವರ್ಷಗಳ ಹಿಂದಿನ ಮಾತು. ಶರಣ್ಯಾಳದು ಚೊಚ್ಚಲು. ಹೆರಿಗೆ, ಬಾಣಂತನ ಶಿಕಾರಿಪುರದ ನಮ್ಮ ಮನೆಯಲ್ಲೆಂದು ನಿಶ್ಚಯವಾಗಿತ್ತು. ನಾನು ಹೋದಾಗ ಹನುಮಮ್ಮನವರು ಕುರಿಮರಿಯೊಂದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದರು.

"ಬರ್ರಿ ಮೇಷ್ಟ್ರೇ. ಕಾರ್ಡು ತಂದೀರೇನ್ರಿ?"

ಕೊಟ್ಟೆ. ಮರಿಯನ್ನು ಮಡಿಲಿನಿಂದ ಇಳಿಸದೆಯೇ ಬೆರಳಾಡಿಸಿದರು.

"ಇದೇನ್ರೀ, ಆರು ತಿಂಗ್ಳಿಗೆ ಒಂದೇ ಸೀಲು? ಉಳಿದ ತಿಂಗ್ಳು ನಿಮ್ಮ ಹುಡುಗಿ ಬಸುರಿ ಇರ್ಲಿಲ್ಲೇನು?"

ನನಗೆ ಸಿಟ್ಟು ಬಂತು. "ನಿಮಗೆ ಓದಲು ಬರುತ್ತದೆಯೇನಮ್ಮ?" ಎಂದೆ.

"ಓದಾಕ ಬರಲ್ರೀ. ಎಣ್ಸಾಕ ಬರ್ತೈತಿ."

ಸಭಿಕರೇ, ಆ ಒಂದೇ ಸೀಲಿಗೆ ಕಾರಣವೇನು? ಬಡತನವೇ? ಅಲ್ಲ. ಅಜ್ಞಾನವೇ? ಖಂಡಿತ ಅಲ್ಲ. ಶುದ್ಧ ಮರ್ಯಾದೆ. ಸೊರಬದ ನಮ್ಮ ಬೀಗರಾದ ಸುಬ್ಬಯ್ಯನವರು ಸಜ್ಜನರು, ನಾನೂ ಸಜ್ಜನನೇ. ಮಗಳು ಅವರ ಮನೆಯಲ್ಲಿರುವಾಗ ಆಸ್ಪತ್ರೆಯ ಮಾತೆತ್ತಿದರೆ ಅವರು ನೋಡಿಕೊಳ್ಳುತ್ತಿಲ್ಲವೆಂದು ಎತ್ತಿ ಆಡಿದಂತಾಗುತ್ತದೆಂದು ನಾನು ಸುಮ್ಮನಿದ್ದೆ. ಚೊಚ್ಚಲು ತವರಿನ ಹಕ್ಕು, ತಾವು ಮುಂದೆ ಬಿದ್ದರೆ ಅಧಿಕಪ್ರಸಂಗವಾಗುತ್ತದೆಂದು ಅವರು ಸುಮ್ಮನಿದ್ದರು. ಪ್ರತಿ ಭಾನುವಾರ ಫೋನಿನಲ್ಲಿ "ನೀವು ಹೇಳಿದ ಹಾಗೆ" ಎಂದು ನಾನು. "ಛೆ ಛೆ, ನೀವು ಹೇಳಿದ ಹಾಗೇ ಮಾರಾಯ್ರೆ" ಎಂದು ಅವರು. ಆಶಾ ಕಾರ್ಯಕರ್ತೆ ಸೊರಬದ ಮನೆಗೆ ಬಂದರೆ, ತವರಿನವರು ಕರೆದೊಯ್ಯುತ್ತಾರೆ ಎಂಬ ಉತ್ತರ. ಮಗಳು ತಾನೇ ಹೋಗಿಬರುತ್ತೇನೆಂದರೆ, ಹಿರಿಯರು ಮಾತಾಡಿಕೊಳ್ಳುತ್ತೇವೆ ಎಂಬ ಉತ್ತರ. ಹೀಗೆ ಎರಡು ಗೌರವಸ್ಥ ಕುಟುಂಬಗಳು ಒಬ್ಬರನ್ನೊಬ್ಬರು ಗೌರವಿಸುತ್ತಿರಲು, ಆ ಹುಡುಗಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತ್ತು.

ಇದನ್ನೆಲ್ಲ ನಾನು ಅಂಗಳದಲ್ಲಿ ನಿಂತು ವಿವರಿಸಿದೆ. ವ್ಯಾಕರಣಬದ್ಧವಾಗಿಯೇ ವಿವರಿಸಿದೆ. ಹನುಮಮ್ಮನವರು ಪೂರ್ತಿ ಕೇಳಿ, ಎಲೆಯಡಿಕೆಯನ್ನು ನನ್ನ ಕೈಗೇ ಇಟ್ಟರು.

"ನಾ ಹಾಕದು ನೀರು ರೀ ಮೇಷ್ಟ್ರೇ, ರಕ್ತ ಅಲ್ಲ. ರಕ್ತ ಮೊದ್ಲೇ ಇಟ್ಕಂಡು ಬರ್ಬೇಕು. ನಿಮ್ಮ ಮನ್ಯಾಗ ಒಂದ್ಸಲ ಸೋತ ಬೆನ್ನಿಗೆ ನೀರು ಹಾಕೀನಿ. ಇನ್ನೊಂದ್ಸಲ ಆಗಂಗಿಲ್ಲ."

ಸೋತ ಬೆನ್ನು ಯಾರದೆಂದು ನಾನು ಕೇಳಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಮರುದಿನವೇ ಸೊರಬಕ್ಕೆ ಹೋಗಿ ಮಗಳನ್ನು ಕರೆತಂದು ಆಸ್ಪತ್ರೆಗೆ ಒಯ್ದೆ. ರಕ್ತದಲ್ಲಿ ಹಿಮೋಗ್ಲೋಬಿನ್ ಎಂಟು. ಹನ್ನೊಂದಕ್ಕಿಂತ ಕಡಿಮೆಯಿರಬಾರದಂತೆ. ಎಂಟೆಂದರೆ ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆಯುವ ಅಂಕ. ಹೆರಿಗೆಯಲ್ಲಿ ರಕ್ತ ಹೋಗದೆ ಇರುವುದಿಲ್ಲ, ಇರುವುದೇ ಕಡಿಮೆಯಾದರೆ ಆಮೇಲೆ ಏಳುವುದು ಹೇಗೆ ಎಂದರು ವೈದ್ಯೆ. ಕಬ್ಬಿಣಾಂಶದ ಮಾತ್ರೆ ಕೊಟ್ಟರು.

ಮಾತ್ರೆಯ ಉಸ್ತುವಾರಿಯನ್ನು ನಾನೇ ವಹಿಸಿಕೊಂಡೆ. ಹಾಜರಿ ಪುಸ್ತಕ ತೆರೆದೆ. ಬೆಳಿಗ್ಗೆ ಎಂಟು ಗಂಟೆಗೆ ಸರಿಯಾಗಿ, ನನ್ನ ಎದುರಿನಲ್ಲಿ, ನಾನೇ ಕೈಯಾರೆ ಕಾಸಿದ ಗಟ್ಟಿ ಚಹಾದ ಜೊತೆ, ಒಂದು ಮಾತ್ರೆ. ಒಂದು ದಿನ ತಪ್ಪಲಿಲ್ಲ. ತಿಂಗಳು ಕಳೆದು ಪರೀಕ್ಷಿಸಿದರೆ ಎಂಟು ಬಿಂದು ಎರಡು.

ನನಗೆ ಅನುಮಾನ ಹುಟ್ಟಿತು. ಮಗಳು ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಂಡು ಉಗುಳುತ್ತಿರಬಹುದೇ? ಒಂದು ದಿನ ಹಿತ್ತಲಿನ ಕರಿಬೇವಿನ ಬುಡವನ್ನು ಕೆದಕಿದೆ. ಗಿಡ ಸೊಂಪಾಗಿ ಬೆಳೆದಿದ್ದುದು ಅನುಮಾನವನ್ನು ಹೆಚ್ಚಿಸಿತು. ಮಗಳನ್ನು "ಬಾಯಿ ತೆರೆ" ಎಂದೆ. ಅವಳು ತೆರೆದಳು, ತೆರೆದ ಬಾಯಿಯಿಂದ ಅನೇಕ ಮಾತುಗಳೂ ಬಂದವು. ಅವನ್ನು ಇಲ್ಲಿ ಉದ್ಧರಿಸುವುದಿಲ್ಲ.

ಆಸ್ಪತ್ರೆಗೆ ಹೋಗಿ ನನ್ನ ಅನುಮಾನವನ್ನು ಹೇಳಿದೆ. ಅಪರಾಧಿಯನ್ನು ಹಿಡಿದುಕೊಟ್ಟವರು ನರ್ಸ್ ಸಂಗೀತ ಅವರು. ಅಗೋ, ಬಾಗಿಲ ಬಳಿ ನಿಂತು ನಗುತ್ತಿದ್ದಾರೆ.

"ಮಾತ್ರೆ ಯಾವುದ್ರ ಜೊತೆ ಕೊಡ್ತೀರಿ ಸರ್?"

"ಚಹಾದ ಜೊತೆ."

"ಯಾರು ಕೊಡೋದು?"

"ನಾನೇ. ಸರಿಯಾಗಿ ಎಂಟು ಗಂಟೆಗೆ."

"ಹಂಗಾದ್ರೆ ಮಗಳ ಬಾಯಿ ನೋಡೋದು ಬೇಡ ಸರ್. ಚಹಾ ಕುಡಿದ್ರೆ ಮಾತ್ರೆಯ ಕಬ್ಬಿಣ ಮೈಗೆ ಹತ್ತಲ್ಲ. ನಿಂಬೆಹಣ್ಣಿನ ನೀರು ಕೊಡ್ರಿ. ಚಹಾ ಒಂದೆರಡು ತಾಸು ದೂರ ಇಡ್ರಿ. ಸಾಧ್ಯ ಆದ್ರೆ ನೀವೂ ಸ್ವಲ್ಪ ದೂರ ಇರ್ರಿ."

ಇದ್ದೆ. ಸಂಜೆ ಅವಳ ಜೊತೆ ನಡೆದಾಡುವ ಕೆಲಸವನ್ನೂ ತ್ರಿವೇಣಿಗೆ ಬಿಟ್ಟೆ. ನನ್ನ ಹಸ್ತಕ್ಷೇಪ ನಿಂತ ಮೇಲೆ ರಕ್ತ ಏರತೊಡಗಿತು. ಹೆರಿಗೆಯ ವಾರಕ್ಕೆ ಹತ್ತೂವರೆ ದಾಟಿತ್ತು. ಕಾರ್ಡಿನಲ್ಲಿ ಸೀಲುಗಳೂ ಐದಾಗಿದ್ದವು. ಮತ್ತೆ ಈಸೂರಿಗೆ ಹೋದೆ. ಪೂರಕ ಪರೀಕ್ಷೆ ಎನ್ನಿ. ಎಲೆಯಡಿಕೆ ಸಂಚಿಗೆ ಹೋಯಿತು.

ಹೆರಿಗೆಯಲ್ಲಿ ರಕ್ತ ಎಣಿಸಿದ್ದಕ್ಕಿಂತ ಹೆಚ್ಚು ಹೋಯಿತು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತಿದ್ದೆ. ವೈದ್ಯೆ ಹೊರಬಂದು, "ಎಂಟರಲ್ಲೇ ಬಂದಿದ್ದರೆ ನಾನು ನಿಮ್ಮ ಹತ್ತಿರ ಬೇರೆ ಮಾತು ಆಡಬೇಕಾಗ್ತಿತ್ತು" ಎಂದಷ್ಟೇ ಹೇಳಿದರು. ಮಾತಿನ ಬಗ್ಗೆ ಇಷ್ಟು ಆಸಕ್ತಿಯುಳ್ಳ ನಾನು ಆ ಬೇರೆ ಮಾತು ಯಾವುದೆಂದು ಇಂದಿಗೂ ವಿಚಾರಿಸಿಲ್ಲ.

ಹನ್ನೊಂದನೆಯ ದಿನ ಹನುಮಮ್ಮನವರು ನೀರು ಹಾಕಲು ಬಂದರು. ಬಚ್ಚಲಮನೆಯ ಒಳಗಿನಿಂದ ಅವರ ದನಿ ಕೇಳಿಸಿತು. "ನೀನೇ ಕುಂತ್ಕಂಡೀಯಲ್ಲವ್ವ. ನಿಮ್ಮವ್ವನ್ನ ನಾ ಹೆಗಲು ಕೊಟ್ಟು ಕುಂದರ್ಸಿದ್ದೆ. ಮೂರು ತಿಂಗ್ಳು."

ಈಗ ಆ ರಜೆಯ ವಿಷಯಕ್ಕೆ ಬರಲೇಬೇಕಾಯಿತು.

ಮೂವತ್ತನಾಲ್ಕು ವರ್ಷಗಳ ಹಿಂದೆ, ಶರಣ್ಯಾ ಹುಟ್ಟಿದಾಗ, ತ್ರಿವೇಣಿಗೆ ತಾಯಿ ಇರಲಿಲ್ಲ. ಬಾಣಂತನ ನಮ್ಮ ಮನೆಯಲ್ಲೇ. ಅದಕ್ಕೂ ಮೊದಲು ಆರೋಗ್ಯ ಕೇಂದ್ರದ ದಾದಿ ಎರಡು ಸಲ ಮನೆಬಾಗಿಲಿಗೆ ಬಂದಿದ್ದರು. "ನಮ್ಮ ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ" ಎಂದು ಹೇಳಿ ಕಳಿಸಿದವನು ನಾನು. ಆರೋಗ್ಯವಾಗಿದ್ದವನೂ ನಾನೇ. ಹೆರಿಗೆಯ ದಿನ ಸೊರಬದ ಶಾಲೆಯಲ್ಲಿ ಹತ್ತನೆಯ ತರಗತಿಗೆ ವಿಶೇಷ ಪಾಠ ಮಾಡುತ್ತಿದ್ದೆ. ಆ ಮೂರು ತಿಂಗಳೂ ಬೆಳಿಗ್ಗೆಯ ಬಸ್ಸು ತಪ್ಪಿಸಲಿಲ್ಲ. ಬಾಣಂತಿ ಹೇಗಿದ್ದಾರೆಂದು ಸಹೋದ್ಯೋಗಿಗಳು ಕೇಳಿದರೆ, ಕ್ಷೇಮವಾಗಿದ್ದಾಳೆ ಎಂದೆ. ತ್ರಿವೇಣಿ ಬಿಂದಿಗೆ ಎತ್ತಿದ್ದು ವರ್ಷ ತುಂಬಿದ ಮೇಲೆ. ಹೆಂಗಸರಿಗೆ ಅದು ಸಹಜವೆಂದು ಭಾವಿಸಿದ್ದೆ. ಶರಣ್ಯಾ ಒಂದೂವರೆ ತಿಂಗಳಿಗೆ ಮಗುವನ್ನೆತ್ತಿಕೊಂಡು ಅಂಗಳ ಸುತ್ತಿದಾಗ ಲೆಕ್ಕ ತಪ್ಪಿದ್ದೆಲ್ಲೆಂದು ತಿಳಿಯಿತು.

ಬಾಣಂತನ ಮಗುವಿನ ಅಳುವಿನೊಂದಿಗೆ ಆರಂಭವಾಗುತ್ತದೆಂದು ನಾವು ತಿಳಿದಿದ್ದೇವೆ. ಅಂಟಿನುಂಡೆ ಕಟ್ಟುತ್ತೇವೆ, ಹಂಡೆ ಕಾಯಿಸುತ್ತೇವೆ. ಆದರೆ ಬಾಣಂತನ ಬಸಿರಿನ ಮೂರನೆಯ ತಿಂಗಳಲ್ಲಿಯೇ ಆರಂಭವಾಗುತ್ತದೆ; ಹಂಡೆಗೆ ಬೆಂಕಿ ಹಾಕುವುದು ಅದರ ಕೊನೆಯ ಪಾಠ. ಇದನ್ನು ನನಗೆ ಕಲಿಸಿದವರು ಅಲ್ಲಿ ಕುಳಿತಿದ್ದಾರೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಮುಗಿಸುತ್ತೇನೆ. ಹನುಮಮ್ಮನವರೇ, ಇಗೋ ಎಲೆಯಡಿಕೆ, ಇಗೋ ಶರಣ್ಯಾಳ ಕಾರ್ಡು. ಈ ಸಲ ಬೀಗರನ್ನು ಕೇಳಲಿಲ್ಲ. ಮೂರು ಸಲವೂ ಅವಳ ಜೊತೆ ಆಸ್ಪತ್ರೆಗೆ ನಾನೇ ಹೋಗಿದ್ದೆ. ಚಹಾ ಕಾಸಲಿಲ್ಲ.

ಸಭಿಕರೇ, ಅವರು ಕಾರ್ಡು ತೆಗೆದುಕೊಂಡಿದ್ದಾರೆ. ತಲೆಕೆಳಗಾಗಿ ಹಿಡಿದಿದ್ದಾರೆ. ಮೂವತ್ತೇಳು ವರ್ಷ ಮಕ್ಕಳ ಕೈಯ ಪುಸ್ತಕವನ್ನು ತಿರುಗಿಸಿ ಕೊಟ್ಟ ನಾನು ಕೈಕಟ್ಟಿ ನಿಂತಿದ್ದೇನೆ. ಹೇಗೆ ಹಿಡಿದರೂ ಸೀಲು ಮೂರೇ.

ಎಣಿಸಿದರು. ಆದರೆ ನನ್ನತ್ತ ನೋಡುತ್ತಿಲ್ಲ. ಮೂರನೆಯ ಸಾಲಿನತ್ತ ನೋಡುತ್ತಿದ್ದಾರೆ. ತ್ರಿವೇಣಿ, ಉತ್ತರ ಹೇಳಬೇಕಾದವಳು ನೀನಂತೆ. ನಿಧಾನವಾಗಿಯೇ ಹೇಳು. ನಾನು ಕಾಯುತ್ತೇನೆ, ಇಂದು ನನಗೆ ಯಾವ ಬಸ್ಸೂ ಇಲ್ಲ.

ಆಕೆ ತಲೆಯಾಡಿಸಿದಳು. ಎಲೆಯಡಿಕೆ ಸಂಚಿಗೆ ಹೋಯಿತು.

ಇನ್ನು ನನ್ನ ಭಾಷಣದ ಅಗತ್ಯವಿಲ್ಲ. ತಾಳ್ಮೆಯಿಂದ ಕೇಳಿದ ತಮಗೂ, ಮೈಕು ಕಸಿದುಕೊಳ್ಳದ ಅಧ್ಯಕ್ಷರಿಗೂ ಧನ್ಯವಾದಗಳು. ಹನುಮಮ್ಮನವರಿಗೆ, ಮತ್ತು ಮೂವತ್ತನಾಲ್ಕು ವರ್ಷ ತಡವಾಗಿ ಮೂರನೆಯ ಸಾಲಿಗೆ, ನನ್ನ ನಮಸ್ಕಾರ.